ಕಿರುಸಂದೇಶವೂ ತರುಣರ ಜೀವರಕ್ಷಣೆಯೂ

ಕಲಬುರಗಿಯ ಸೇಡಂ ರಸ್ತೆಯನ್ನು ಬಲ್ಲವರಿಗೆ ಅದು ವಿದ್ಯಾರ್ಥಿಗಳ ರಸ್ತೆಯೆಂದು ಬೇರೆ ಹೇಳಬೇಕಾಗಿಲ್ಲ. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವು ಈ ರಸ್ತೆಯಲ್ಲಿಯೇ ಇದೆ. ಎರಡು ಸರಕಾರಿ ವೈದ್ಯಕೀಯ ಕಾಲೇಜುಗಳೂ ಇದರ ಮಗ್ಗುಲಲ್ಲಿವೆ. ಸಂಜೆ ತರಗತಿಗಳು ಮುಗಿದ ಮೇಲೆ ಇಲ್ಲಿ ನಿಂತು ನೋಡಿದರೆ ವಿದ್ಯಾರ್ಥಿನಿಲಯಗಳಿಗೆ ಮರಳುವವರು, ಬಾಡಿಗೆಯ ಕೋಣೆಗಳ ಕಡೆಗೆ ನಡೆಯುವವರು, ಬಸ್ ನಿಲ್ದಾಣ ಸೇರಿ ಅಲ್ಲಿಂದ ಕಮಲಾಪುರದ ಕಡೆಯ ಊರುಗಳಿಗೆ ಹೋಗಬೇಕಾದವರು, ಹೀಗೆ ನಾನಾ ಬಗೆಯ ತರುಣ ತರುಣಿಯರು ಕಾಣುತ್ತಾರೆ. ಎಲ್ಲರ ಕೈಯಲ್ಲಿಯೂ ಒಂದೊಂದು ಮೊಬೈಲು. ಆಗಾಗ ಅದು ಸಣ್ಣ ಸದ್ದೊಂದನ್ನು ಮಾಡುತ್ತದೆ. ಬಂದದ್ದು ಬಹುಮಟ್ಟಿಗೆ ಸಾಲ ಕೊಡುವವರ ಜಾಹೀರಾತು, ಇಲ್ಲವೆ ರೀಚಾರ್ಜು ಮುಗಿಯಿತೆಂಬ ಎಚ್ಚರಿಕೆ. ಓದಿದವರು ಓದಿದೊಡನೆ ಅದನ್ನು ಮರೆತುಬಿಡುತ್ತಾರೆ.

ಇಷ್ಟು ಅಲ್ಪವಾದ ಈ ಸಾಧನವು, ಬದುಕಿನಲ್ಲಿ ನಂಬಿಕೆ ಕಳೆದುಕೊಂಡ ತರುಣನೊಬ್ಬನನ್ನು ಸಾವಿನ ಯೋಚನೆಯಿಂದ ಹಿಂದಕ್ಕೆ ಕರೆತರಲು ನೆರವಾಗಬಲ್ಲುದೆ? ಕೇಳಿದೊಡನೆ ಇದು ಅತಿಶಯೋಕ್ತಿಯಂತೆ ತೋರುವುದು ಸಹಜ. ಆದರೆ ವೈದ್ಯರು ಈ ಪ್ರಶ್ನೆಯನ್ನು ಊಹೆಗೆ ಬಿಡದೆ, ಪ್ರಯೋಗಶಾಲೆಯಲ್ಲಿ ಲೋಹವೊಂದರ ಗುಣವನ್ನು ಅಳೆಯುವಂತೆ ಅಳೆದು ನೋಡಿದ್ದಾರೆ. ಆ ಅಳತೆಗಳು ಏನು ಹೇಳುತ್ತವೆ, ಎಲ್ಲಿಯವರೆಗೆ ಹೇಳುತ್ತವೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಮಸ್ಯೆಯ ಪ್ರಮಾಣ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿರುವ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತರಾದರು. ಇವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಜಗತ್ತಿನಲ್ಲಿ ವರ್ಷವೊಂದಕ್ಕೆ ಏಳು ಲಕ್ಷಕ್ಕೂ ಮಿಗಿಲಾದ ಜನರು ಹೀಗೆ ಸಾಯುವರೆಂದೂ, 15ರಿಂದ 29 ವರ್ಷದವರ ಮರಣಕಾರಣಗಳಲ್ಲಿ ಇದು 2021ರಲ್ಲಿ ಮೂರನೆಯ ಸ್ಥಾನದಲ್ಲಿದ್ದಿತೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಇದಕ್ಕೆ ಕಾರಣ ಒಂದೇ ಅಲ್ಲ. ಪರೀಕ್ಷೆಯಲ್ಲಿ ಸೋತನೆಂದೋ ಪ್ರೇಮದಲ್ಲಿ ನಿರಾಶನಾದನೆಂದೋ ಜನರು ಆಡಿಕೊಳ್ಳುವುದುಂಟು. ಆದರೆ ಬಡತನ, ಮನೆಯ ಕಲಹ, ಖಿನ್ನತೆ, ಕುಡಿತ, ಅವಮಾನ ಮೊದಲಾದ ಹಲವು ಎಳೆಗಳು ಹೊಸೆದುಕೊಂಡಿರುವಲ್ಲಿ ಕಣ್ಣಿಗೆ ಬೀಳುವುದು ಕೊನೆಯ ಎಳೆ ಮಾತ್ರ. ಮನುಷ್ಯನಿಗೂ ಅವನ ಸಮಾಜಕ್ಕೂ ಇರುವ ಬಂಧವು ಸಡಿಲವಾದಲ್ಲಿ ಆತ್ಮಹತ್ಯೆಗಳು ಹೆಚ್ಚುವುವೆಂಬುದನ್ನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೀಮ್ 1897ರಷ್ಟು ಹಿಂದೆಯೇ ಅಂಕಿ ಅಂಶಗಳಿಂದ ತೋರಿಸಿದ್ದನು. ಅಮೆರಿಕದ ಮನೋವಿಜ್ಞಾನಿ ಥಾಮಸ್ ಜಾಯ್ನರ್ 2005ರಲ್ಲಿ ಮುಂದಿಟ್ಟ ವಾದವೂ ಇದಕ್ಕೆ ಹತ್ತಿರವಾದುದು. ಸಾವಿನ ಬಯಕೆಯ ಹಿಂದೆ ಎರಡು ಭಾವನೆಗಳನ್ನು ಆತನು ಎತ್ತಿ ಹೇಳುತ್ತಾನೆ: “ನಾನು ಯಾರಿಗೂ ಸೇರಿದವನಲ್ಲ” ಎಂಬುದು ಒಂದು, “ನಾನು ಎಲ್ಲರಿಗೂ ಭಾರ” ಎಂಬುದು ಇನ್ನೊಂದು. ಹಳ್ಳಿಯಿಂದ ಬಂದು, ಅಪ್ಪ ಸಾಲ ಮಾಡಿ ಕಟ್ಟಿದ ಶುಲ್ಕವನ್ನು ನೆನೆದು, ಸೋತ ಫಲಿತಾಂಶವನ್ನು ಬಚ್ಚಿಟ್ಟುಕೊಂಡು ಕೋಣೆಯಲ್ಲಿ ಒಬ್ಬನೇ ಮಲಗಿರುವ ಹುಡುಗನಲ್ಲಿ ಈ ಎರಡೂ ಭಾವನೆಗಳು ಒಟ್ಟಿಗೆ ಬೆಳೆಯುವುದು ಕಷ್ಟವಲ್ಲ.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಸಾಯಬೇಕೆಂಬ ತೀವ್ರವಾದ ಒತ್ತಡವು ಒಂದೇ ಸಮನಾಗಿ ನಿಂತಿರುವಂಥದಲ್ಲ. ಅದು ಅಲೆಯಂತೆ ಏರಿ ಅಲೆಯಂತೆ ಇಳಿಯುತ್ತದೆ. ಆ ಏರಿನ ಹೊತ್ತನ್ನು ಪಾರಾದ ಬಹು ಮಂದಿ ಮುಂದೆ ದೀರ್ಘಕಾಲ ಬಾಳಿದ್ದಾರೆ. ಆದುದರಿಂದ ರಕ್ಷಣೆಯೆಂದರೆ ಬದುಕಿನ ಸಮಸ್ಯೆಗಳನ್ನೆಲ್ಲ ಒಂದೇ ದಿನದಲ್ಲಿ ಬಿಡಿಸುವುದಲ್ಲ. ಅಲೆ ಇಳಿಯುವವರೆಗೆ ಹಿಡಿದುಕೊಳ್ಳಲು ಏನಾದರೊಂದು ಆಸರೆ ದೊರೆಯುವಂತೆ ನೋಡಿಕೊಳ್ಳುವುದು.

ಕಾಗದದಿಂದ ಆರಂಭ

ಆಸರೆಯು ಎಷ್ಟು ಸಣ್ಣದಾಗಿರಬಹುದೆಂಬುದನ್ನು ಮೊದಲು ಅಳೆಯಹೊರಟವನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಮನೋವೈದ್ಯ ಜೆರೋಮ್ ಮೋಟೊ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದಾಗ, ಊರಿನಿಂದ ಬರುತ್ತಿದ್ದ, ಏನನ್ನೂ ಬೇಡದ ಕಾಗದಗಳು ತನಗೆ ಎಂಥ ಬಲ ಕೊಟ್ಟವೆಂಬುದನ್ನು ಆತನು ಮರೆತಿರಲಿಲ್ಲ. 1969ರಲ್ಲಿ ಆರಂಭವಾದ ಅವನ ಪ್ರಯೋಗವು ಹೀಗಿದ್ದಿತು. ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಚಿಕಿತ್ಸೆಯನ್ನು ಮುಂದುವರಿಸಲು ಒಪ್ಪದ 843 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಮಾಡಲಾಯಿತು. ಒಂದು ಗುಂಪಿಗೆ ಏನೂ ಕಳುಹಿಸಲಿಲ್ಲ. ಇನ್ನೊಂದು ಗುಂಪಿನವರಿಗೆ ಐದು ವರ್ಷಗಳಲ್ಲಿ 24 ಬಾರಿ ಚಿಕ್ಕ ಕಾಗದಗಳು ಹೋದವು. ಅವುಗಳಲ್ಲಿ ಉಪದೇಶವಿರಲಿಲ್ಲ, ಔಷಧದ ಮಾತಿರಲಿಲ್ಲ, ಬಂದು ಕಾಣಬೇಕೆಂಬ ಒತ್ತಾಯವೂ ಇರಲಿಲ್ಲ. ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ, ಸಂತೋಷಪಡುತ್ತೇವೆ ಎಂಬಷ್ಟೇ ಭಾವ. ಈ ಪ್ರಯೋಗದ ಪೂರ್ಣ ಫಲವು 2001ರಲ್ಲಿ ಪ್ರಕಟವಾಯಿತು. ಕಾಗದ ಪಡೆದವರಲ್ಲಿ ಆತ್ಮಹತ್ಯೆಗಳು ಕಡಿಮೆಯಾಗಿದ್ದವು. ಮೊದಲ ಎರಡು ವರ್ಷಗಳಲ್ಲಿ ಈ ಅಂತರವು ಕಾಕತಾಳೀಯವೆಂದು ತಳ್ಳಿಹಾಕಲಾಗದಷ್ಟು ಸ್ಪಷ್ಟವಾಗಿದ್ದಿತು.

ನಮಗೆ ಹೆಚ್ಚು ಹತ್ತಿರದ ಪ್ರಯೋಗವೊಂದು ಚೆನ್ನೈಯಲ್ಲಿ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಶ್ರೀಲಂಕಾ, ಇರಾನ್, ಚೀನ, ಬ್ರೆಜಿಲ್ ಈ ಐದು ದೇಶಗಳ ಐದು ಸ್ಥಳಗಳಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ 1,867 ಮಂದಿಯನ್ನು ಆರಿಸಿಕೊಂಡಿತು. ಅರ್ಧದಷ್ಟು ಜನರಿಗೆ ವಾಡಿಕೆಯ ಚಿಕಿತ್ಸೆ. ಉಳಿದವರಿಗೆ ಅದರೊಡನೆ ಒಂದು ಗಂಟೆಯ ತಿಳಿವಳಿಕೆ, ಅನಂತರ ಹದಿನೆಂಟು ತಿಂಗಳುಗಳಲ್ಲಿ ಒಂಬತ್ತು ಬಾರಿ ಫೋನಿನ ಮೂಲಕವೋ ಮನೆಗೆ ಹೋಗಿಯೋ ಕ್ಷೇಮಸಮಾಚಾರ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಾಡಿಕೆಯ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇಕಡಾ 2.2, ವಿಚಾರಿಸಿಕೊಳ್ಳಲ್ಪಟ್ಟವರಲ್ಲಿ ಶೇಕಡಾ 0.2. ಚೆನ್ನೈಯ ಕೆಲಸದಲ್ಲಿ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಭಾಗಿಯಾಗಿದ್ದರು. 1986ರಲ್ಲಿ ‘ಸ್ನೇಹಾ’ ಎಂಬ ಸಹಾಯ ಸಂಸ್ಥೆಯನ್ನು ಅಲ್ಲಿ ಸ್ಥಾಪಿಸಿದವರೂ ಅವರೇ.

ಕಾಗದದ ಸ್ಥಾನದಲ್ಲಿ ಮೊಬೈಲಿನ ಸಂದೇಶವನ್ನಿಟ್ಟರೆ ಏನಾದೀತು? ಅಮೆರಿಕದ ಸೇನೆಯ 658 ಮಂದಿ ಸೈನಿಕರ ಮೇಲೆ ನಡೆದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು ಸುಮಾರು 25. ಎಲ್ಲರೂ ಆತ್ಮಹತ್ಯೆಯ ಯೋಚನೆಯಿಂದ ಬಳಲುತ್ತಿದ್ದವರು. ಒಂದು ಗುಂಪಿಗೆ ವರ್ಷದಲ್ಲಿ ಹನ್ನೊಂದು ಸಂದೇಶಗಳು ಹೋದವು; ಅವುಗಳಲ್ಲಿ ಒಂದು ಹುಟ್ಟುಹಬ್ಬದ ದಿನ. ಪ್ರಯೋಗದ ಮುಖ್ಯ ಅಳತೆಗಳಾದ ಯೋಚನೆಯ ತೀವ್ರತೆಯಲ್ಲಿಯೂ, ಆಸ್ಪತ್ರೆ ಸೇರಬೇಕಾದಂಥ ಪ್ರಸಂಗಗಳಲ್ಲಿಯೂ ಎರಡು ಗುಂಪುಗಳಿಗೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ವರ್ಷದಲ್ಲಿ ಆತ್ಮಹತ್ಯೆಗೆ ಯತ್ನಿಸಿದವರು ಸಂದೇಶ ಪಡೆಯದ ಗುಂಪಿನಲ್ಲಿ ಶೇಕಡಾ 15, ಪಡೆದ ಗುಂಪಿನಲ್ಲಿ ಶೇಕಡಾ 9. ಈ ಫಲಿತಾಂಶದ ಎರಡು ಭಾಗಗಳನ್ನೂ ಒಟ್ಟಿಗೆ ನೆನಪಿಡುವುದು ನ್ಯಾಯ. ಆಸ್ಟ್ರೇಲಿಯದಲ್ಲಿ 772 ರೋಗಿಗಳಿಗೆ ಪೋಸ್ಟ್‌ಕಾರ್ಡು ಕಳುಹಿಸಿ ಮಾಡಿದ ಪ್ರಯೋಗವೂ (2005) ಇಂಥದೇ ಮಿಶ್ರಫಲವನ್ನು ಕೊಟ್ಟಿತು: ಮತ್ತೆ ತಮಗೆ ತಾವೇ ಹಾನಿ ಮಾಡಿಕೊಂಡವರ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ, ಅಂಥ ಪ್ರಸಂಗಗಳ ಒಟ್ಟು ಸಂಖ್ಯೆ ಮಾತ್ರ ಸುಮಾರು ಅರ್ಧಕ್ಕಿಳಿಯಿತು. ಸಂದೇಶವು ರಾಮಬಾಣವಲ್ಲ, ಆದರೆ ನಿಷ್ಪ್ರಯೋಜಕವೆಂದು ಬದಿಗಿಡತಕ್ಕುದೂ ಅಲ್ಲ.

ಸಂದೇಶವು ಸಾಗುವ ಬಗೆ

ಈಗ ಈ ಸಾಧನದ ಸ್ವರೂಪವನ್ನು ಸ್ವಲ್ಪ ವಿಚಾರಿಸೋಣ. ನಾವು ಮಾತನಾಡದಿರುವಾಗಲೂ ಮೊಬೈಲು ಸುಮ್ಮನಿರುವುದಿಲ್ಲ. ಹತ್ತಿರದ ಟವರಿನಿಂದ ಬರುವ ಸಂಕೇತಗಳನ್ನು ಅದು ಕೇಳುತ್ತಲೇ ಇರುತ್ತದೆ. “ನಾನು ಇಲ್ಲಿದ್ದೇನೆ” ಎಂದು ಆಗಾಗ ತಿಳಿಸುತ್ತಿರುತ್ತದೆ. ಈ ವ್ಯವಹಾರಕ್ಕಾಗಿ ಮಾತಿನ ದಾರಿಗಿಂತ ಬೇರೆಯಾದ, ಕಿರಿದಾದ ಸಂಕೇತದ ದಾರಿಯೊಂದಿದೆ. ಅದು ಬಹುಪಾಲು ಹೊತ್ತು ಬರಿದಾಗಿರುವುದನ್ನು ಕಂಡ ಯೂರೋಪಿನ ತಂತ್ರಜ್ಞರು, ಆ ಬಿಡುವಿನಲ್ಲಿ ಚಿಕ್ಕ ಬರಹಗಳನ್ನು ಸಾಗಿಸಬಹುದೆಂದು ಯೋಚಿಸಿದರು. ಸಂದೇಶದ ಅಳತೆ ಎಷ್ಟಿರಬೇಕು? 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಎಂಬ ತಂತ್ರಜ್ಞನು ಮನಸ್ಸಿಗೆ ಬಂದ ವಾಕ್ಯಗಳನ್ನು ಬೆರಳಚ್ಚು ಯಂತ್ರದಲ್ಲಿ ಹೊಡೆದು ಎಣಿಸಿ ನೋಡಿ, ಸಾಮಾನ್ಯ ಮಾತಿಗೆ 160 ಅಕ್ಷರಗಳು ಸಾಕೆಂದು ಕಂಡುಕೊಂಡನು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊತ್ತಮೊದಲ ಕಿರುಸಂದೇಶ ರವಾನೆಯಾಯಿತು.

ಕನ್ನಡಿಗರಿಗೆ ಈ 160 ದೊರೆಯುವುದಿಲ್ಲ. ಲೆಕ್ಕ ಸರಳವಾಗಿದೆ. ಒಂದು ಸಂದೇಶದಲ್ಲಿ 140 ಬೈಟುಗಳು, ಎಂದರೆ 1,120 ಬಿಟ್ಟುಗಳು ಹಿಡಿಯುತ್ತವೆ. ರೋಮನ್ ಅಕ್ಷರಕ್ಕೆ 7 ಬಿಟ್ಟು ಸಾಕಾದುದರಿಂದ 1,120ನ್ನು 7ರಿಂದ ಭಾಗಿಸಿದರೆ 160. ಕನ್ನಡದ ಪ್ರತಿಯೊಂದು ಚಿಹ್ನೆಗೂ 16 ಬಿಟ್ಟು ಬೇಕು. ಆದುದರಿಂದ ನಮಗೆ ಸಲ್ಲುವುದು 70 ಸ್ಥಾನ ಮಾತ್ರ. ಅದರಲ್ಲಿಯೂ ‘ಗಿ’ ಎಂಬುದಕ್ಕೆ ವ್ಯಂಜನಕ್ಕೊಂದು, ಗುಣಿತಚಿಹ್ನೆಗೊಂದು ಎಂದು ಎರಡು ಸ್ಥಾನ. ‘ಪ್ಪ’ ಎಂಬ ಒತ್ತಕ್ಷರಕ್ಕೆ ಮೂರು. ‘ದ್ದೀ’ ಎಂಬುದಕ್ಕೆ ನಾಲ್ಕು. ಇದಕ್ಕಿಂತ ದೀರ್ಘವಾಗಿ ಬರೆದರೆ ಸಂದೇಶವು ತುಂಡುತುಂಡಾಗಿ ಸಾಗುತ್ತದೆ. ಕೆಳಗಿನ ಸಂದೇಶವನ್ನು ನೋಡಿರಿ:

“ಹೇಗಿದ್ದೀಯಪ್ಪ? ನಿನ್ನ ನೆನಪು ಬಂತು. ಬಿಡುವಾದಾಗ ಬಾ. ಉತ್ತರ ಬರೆಯದಿದ್ದರೂ ಸರಿ.”

ನಾವು ಓದುವಾಗ ಇದು 29 ಅಕ್ಷರ. ಯಂತ್ರದ ಲೆಕ್ಕದಲ್ಲಿ, ತೆರಪುಗಳನ್ನೂ ಚುಕ್ಕೆಗಳನ್ನೂ ಸೇರಿಸಿ, 68 ಸ್ಥಾನ. ಇನ್ನೆರಡು ಮಾತ್ರ ಉಳಿಯಿತು.

ಈ ವಾಕ್ಯಗಳು ಲೆಕ್ಕಕ್ಕಾಗಿ ಕಟ್ಟಿದವಲ್ಲ. ಕೆಲವು ವರ್ಷಗಳ ಹಿಂದೆ ಕಮಲಾಪುರದ ಆಚೆಯ ಹಳ್ಳಿಯಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ಹುಡುಗನೊಬ್ಬನು, ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ ಮೇಲೆ ತರಗತಿಗೆ ಬರುವುದನ್ನು ನಿಲ್ಲಿಸಿದನು. ಅವನ ಪ್ರಯೋಗದ ರೆಕಾರ್ಡು ಪುಸ್ತಕವು ನನ್ನ ಮೇಜಿನ ಮೇಲೆಯೇ ಉಳಿದಿತ್ತು. ವಾಟ್ಸಾಪಿನಲ್ಲಿ ಬರೆದದ್ದು ಅವನಿಗೆ ತಲುಪಲಿಲ್ಲ. ಒಂದೇ ಗುರುತು ಬಿದ್ದು ನಿಂತಿತು. ಕಿರುಸಂದೇಶ ಕಳುಹಿಸಲು ಕುಳಿತೆ. ಮೊದಲು ಬರೆದದ್ದು ಉಪದೇಶ: ಧೈರ್ಯಗೆಡಬಾರದು, ಮರುಪರೀಕ್ಷೆಯಿದೆ, ತಂದೆತಾಯಿಗಳನ್ನು ನೆನೆಯಬೇಕು, ಇತ್ಯಾದಿ. ಅದು ಐದು ತುಂಡುಗಳಾಗುವುದೆಂದು ಮೊಬೈಲು ತೋರಿಸಿತು. ಅಳಿಸುತ್ತ ಅಳಿಸುತ್ತ ಉಳಿದದ್ದು ಈ 68 ಸ್ಥಾನ. ಉತ್ತರ ಬರಲಿಲ್ಲ. ಹತ್ತು ದಿನ ಬಿಟ್ಟು ಇನ್ನೊಂದನ್ನು ಕಳುಹಿಸಿದೆ, ಅದಕ್ಕೂ ಇಲ್ಲ. ಮೂರನೆಯದಕ್ಕೆ ರೋಮನ್ ಅಕ್ಷರಗಳಲ್ಲಿ ಒಂದು ಸಾಲು ಬಂತು: “ನನ್ನ ರೆಕಾರ್ಡು ಅಲ್ಲೇ ಅದಾ ಏನ್ರಿ ಸರ್?”

ಕೂಡಲೆ ಫೋನು ಮಾಡಿದೆ. ಅವನ ದನಿಯನ್ನು ಕೇಳಿದ ಮೇಲೆ ಸುತ್ತಿಬಳಸದೆ ಕೇಳಿದೆ: “ಜೀವ ಕಳ್ಕೋಬೇಕು ಅನ್ನೋ ವಿಚಾರ ಬಂದದೇನಪ್ಪಾ?” ಬಹಳ ಹೊತ್ತು ಸುಮ್ಮನಿದ್ದು “ಹೌದ್ರಿ” ಎಂದನು. ಅವನ ಒಪ್ಪಿಗೆ ಪಡೆದು ಆ ಸಂಜೆಯೇ ಅವನ ಅಣ್ಣನೊಡನೆ ಮಾತನಾಡಿದೆ. ಆ ರಾತ್ರಿ ಅಣ್ಣನು ಅವನನ್ನು ಬಿಟ್ಟು ಕದಲಲಿಲ್ಲ. ಮರುದಿನ ಮೂವರೂ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಮನೋವೈದ್ಯರನ್ನು ಕಂಡೆವು. ಚಿಕಿತ್ಸೆ ಹಲವು ತಿಂಗಳು ನಡೆಯಿತು. ಒಂದು ಉದಾಹರಣೆಯಿಂದ ನಿಯಮವು ಸಿದ್ಧವಾಗದೆಂಬುದನ್ನು ಭೌತಶಾಸ್ತ್ರದ ಅಧ್ಯಾಪಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನನ್ನು ಉಳಿಸಿದ್ದು ಸಂದೇಶವೆಂದು ನಾನು ಹೇಳಲಾರೆ. ಚಿಕಿತ್ಸೆಯೂ ಅಣ್ಣನೂ ಅವನ ಬಳಿಗೆ ತಲುಪಲು ಅದು ದಾರಿಯಾಯಿತೆಂದು ಮಾತ್ರ ಹೇಳಬಲ್ಲೆ.

ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ಬಿತ್ತಿದಂತಾಗುವುದೆಂಬ ಭಯವು ನಮ್ಮಲ್ಲಿ ಬಹಳವಾಗಿದೆ. ಅಧ್ಯಯನಗಳು ಇದನ್ನು ಸಮರ್ಥಿಸಿಲ್ಲ. ಕೇಳಿಸಿಕೊಂಡವನಿಗೆ ಹೆಚ್ಚಾಗಿ ಉಂಟಾಗುವುದು ಭಾರ ಇಳಿದ ಭಾವ.

ಹೇಗಿರಬೇಕು, ಹೇಗಿರಬಾರದು

ಇದುವರೆಗಿನ ಪ್ರಯೋಗಗಳಿಂದ ಕೆಲವು ವಿಚಾರಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಸಂದೇಶವು ಏನನ್ನೂ ಬೇಡಬಾರದು. “ಏಕೆ ಉತ್ತರಿಸಲಿಲ್ಲ?” ಎಂಬ ಪ್ರಶ್ನೆಯು “ನಾನು ಭಾರ” ಎಂದುಕೊಂಡವನ ಮೇಲೆ ಇನ್ನೊಂದು ಭಾರವನ್ನು ಹೇರುತ್ತದೆ. ಎರಡನೆಯದು, ಅದು ತಪ್ಪದೆ ಮರಳಿ ಬರಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರಗಳೂ ತಿಂಗಳುಗಳೂ ಹೆಚ್ಚು ಅಪಾಯದವಾದುದರಿಂದ, ಆಗ ಬೇಗ ಬೇಗ ಕಳುಹಿಸಿ, ಅನಂತರ ಅಂತರವನ್ನು ಹೆಚ್ಚಿಸುವುದು ವಾಡಿಕೆ. ಮೂರನೆಯದು, ನಮ್ಮ ಊರುಗಳಿಗೆ ವಿಶೇಷವಾದುದು. ಅನೇಕ ಮನೆಗಳಲ್ಲಿ ಒಂದೇ ಮೊಬೈಲನ್ನು ಎಲ್ಲರೂ ಬಳಸುತ್ತಾರೆ. ಆದುದರಿಂದ ರೋಗದ ಹೆಸರನ್ನಾಗಲಿ ನಡೆದುಹೋದ ಘಟನೆಯನ್ನಾಗಲಿ ಸಂದೇಶದಲ್ಲಿ ಬರೆಯತಕ್ಕುದಲ್ಲ. ತಂಗಿಯೋ ಮಾವನೋ ಓದಿದರೂ ಸಂಕೋಚವಾಗದಂತೆ ಅದಿರಬೇಕು.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ಸಂದೇಶದ ಆಚೆಯ ತುದಿಯಲ್ಲಿ ಒಬ್ಬ ಮನುಷ್ಯನಿರಬೇಕು. ಯಂತ್ರವು ಸಾವಿರ ಜನರಿಗೆ ಒಮ್ಮೆಗೇ ಕಳುಹಿಸಬಲ್ಲುದು. ಆದರೆ ಅವರಲ್ಲಿ ಒಬ್ಬನು ನಡುರಾತ್ರಿಯಲ್ಲಿ “ಇನ್ನು ಸಾಕು” ಎಂದು ಮರುಬರೆದರೆ ಅದನ್ನು ಓದುವವರಾರು? ಓದುವವರಿಲ್ಲದ ಕಡೆಗೆ ಸಂದೇಶ ಕಳುಹಿಸುವ ಏರ್ಪಾಡು, ಕರೆದು ಬಾಗಿಲು ಹಾಕಿದಂತಾಗುತ್ತದೆ. ಅಂಥ ಉತ್ತರ ಬಂದಾಗ ಮತ್ತೆ ಬರೆಯುತ್ತ ಕೂರಬಾರದು. ಫೋನು ಮಾಡಬೇಕು, ಹತ್ತಿರವಿದ್ದರೆ ಹೋಗಬೇಕು, ಅವರನ್ನು ಒಂಟಿಯಾಗಿ ಬಿಡಬಾರದು, ಅಪಾಯಕರ ವಸ್ತುಗಳು ಕೈಗೆಟುಕದಂತೆ ನೋಡಿಕೊಂಡು ವೈದ್ಯರ ಬಳಿಗೆ ಕರೆದೊಯ್ಯಬೇಕು. ತುರ್ತಿಗೆ 112 ಇದೆ.

ಇದಕ್ಕಾಗಿ ನಮ್ಮ ದೇಶದಲ್ಲಿ ಈಗ ‘ಟೆಲಿ-ಮನಸ್’ ಎಂಬ ಸೇವೆಯಿದೆ. ಇದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಯಾವಾಗ ಬೇಕಾದರೂ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲ ಹಂತದಲ್ಲಿ ತರಬೇತಿ ಪಡೆದ ಸಲಹೆಗಾರರು ಕೇಳುತ್ತಾರೆ. ಹೆಚ್ಚಿನ ಅಗತ್ಯ ಕಂಡರೆ ಎರಡನೆಯ ಹಂತದ ತಜ್ಞರಿಗೆ ಒಪ್ಪಿಸುತ್ತಾರೆ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯ ಮಟ್ಟಕ್ಕೆ ತರಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಮೊದಲು ಮಾಡಿ ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆ ಮಾದರಿಯಿಂದ ಬೆಳೆದುದು. ಕಾನೂನಿನ ಭಯವೂ ಈಗ ಬೇಕಿಲ್ಲ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಅಧಿನಿಯಮವು ಯತ್ನಿಸಿ ಉಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಅವರಿಗೆ ಆರೈಕೆ ಒದಗಿಸುವುದು ಸರಕಾರದ ಹೊಣೆಯೆಂದು ವಿಧಿಸಿದೆ.

ಆದರೆ 14416ಕ್ಕೆ ಕರೆಮಾಡಲು ಆ ತರುಣನೇ ಮನಸ್ಸು ಮಾಡಬೇಕು. ಮನಸ್ಸು ಮಾಡಲಾರದವನ ಬಳಿಗೆ ನಾವೇ ಹೋಗಬೇಕಾಗುತ್ತದೆ. ಕಿರುಸಂದೇಶದ ಉಪಯೋಗವಿರುವುದು ಅಲ್ಲಿಯೇ. ಆಸ್ಪತ್ರೆಯಿಂದ ಮನೆಗೆ ಮರಳಿದವರಿಗೆ ಆಸ್ಪತ್ರೆಯೂ, ತರಗತಿಗೆ ಬಾರದಾದವರಿಗೆ ಕಾಲೇಜೂ ವರ್ಷಕ್ಕೆ ಹತ್ತು ಹನ್ನೆರಡು ಸಾಲು ಬರೆಯಲು ದೊಡ್ಡ ಯೋಜನೆಯಾಗಲಿ ಹಣವಾಗಲಿ ಬೇಕಾಗಿಲ್ಲ. ಹೆಸರುಗಳ ಪಟ್ಟಿಯೊಂದು, ಅದನ್ನು ಮರೆಯದ ಒಬ್ಬ ವ್ಯಕ್ತಿ, ಉತ್ತರ ಬಂದಾಗ ಯಾರಿಗೆ ತಿಳಿಸಬೇಕೆಂಬ ನಿಶ್ಚಯ, ಇಷ್ಟು ಸಾಕು.

ಕಿರುಸಂದೇಶಕ್ಕೆ ಇನ್ನೊಂದು ಗುಣವಿದೆ. ಮೊಬೈಲು ಆರಿದ್ದರೆ, ಇಲ್ಲವೆ ಟವರಿನ ಅಳವಿಗೆ ಸಿಕ್ಕದಿದ್ದರೆ, ಸಂದೇಶವು ಒಡನೆಯೇ ನಾಶವಾಗುವುದಿಲ್ಲ. ಜಾಲದ ಕೇಂದ್ರವೊಂದರಲ್ಲಿ ಅದು ಕಾದಿರುತ್ತದೆ; ಮೊಬೈಲು ಮತ್ತೆ “ನಾನು ಇಲ್ಲಿದ್ದೇನೆ” ಎಂದೊಡನೆ ಅದರ ಬಳಿಗೆ ಸಾಗುತ್ತದೆ. ಆದರೆ ಯಂತ್ರದ ಈ ಕಾಯುವಿಕೆಗೆ ಅವಧಿಯಿದೆ. ಕೆಲವು ದಿನಗಳಾದ ಮೇಲೆ ಅದು ಸಂದೇಶವನ್ನು ಅಳಿಸಿಬಿಡುತ್ತದೆ. ಅನಂತರ ಇನ್ನೊಂದು ಸಾಲನ್ನು ಬರೆಯಬೇಕಾದವರು ನಾವು.